ಹಿಟಾಚಿಯ ಕಾಲು ತೊಳೆಸಿದ ಸೊಸೆ

ಈ ಕಥೆಯನ್ನು ಮೊದಲು ಹೇಳಿದವರು ಕಳಲೆಯ ಗುರುಸಿದ್ದಮ್ಮ. ೨೦೦೯ನೆಯ ಇಸವಿಯ ಪುಷ್ಯ ಮಾಸ. ಸಂಕ್ರಾಂತಿಗೆ ಇನ್ನೂ ಐದು ದಿನವಿತ್ತು. ಅವರ ಮನೆಯ ಜಗಲಿಯ ಮೇಲೆ ಮಧ್ಯಾಹ್ನದ ಬಿಸಿಲಿಗೆ ಬೆನ್ನು ಕೊಟ್ಟು ಆರು ಮಂದಿ ಹೆಂಗಸರು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಆಮೇಲೆ ಇದೇ ಕಥೆ ದೇವನೂರಿನಲ್ಲಿ ಎರಡು ಸಲ, ಬನ್ನೂರಿನಲ್ಲಿ ಒಂದು ಸಲ ಕೇಳಿಬಂತು. ಬನ್ನೂರಿನವರು ನೆಲ ಅಗೆಯುವ ಹಿಟಾಚಿ ಯಂತ್ರಗಳು ಏಳಿದ್ದವು ಎನ್ನುತ್ತಾರೆ. ದೇವನೂರಿನವರು ಎರಡು ಎನ್ನುತ್ತಾರೆ. ಗುರುಸಿದ್ದಮ್ಮ ಹೇಳಿದ್ದು ಒಂದೇ. ಅವರು ಕಥೆಯಲ್ಲಿ ಬರುವ ಅತ್ತೆ ಮಲ್ಲಾಜಮ್ಮನ ಒಡಹುಟ್ಟಿದ ತಂಗಿ, ಕಥೆಯನ್ನು ಸೊಸೆ ಪವಿತ್ರಳ ಬಾಯಿಂದಲೇ ಕೇಳಿದವರು. ಆದಕಾರಣ ಇಲ್ಲಿ ಅವರು ಹೇಳಿದ್ದನ್ನೇ ಹಿಡಿದಿದೆ.

ದೇವನೂರಿನ ಮಲ್ಲಾಜಮ್ಮನಿಗೆ ಊರ ಪಡುವಲಿಗೆ ಮೂರು ಎಕರೆ ಜಮೀನು. ಎರಡೂವರೆ ಎಕರೆಯಲ್ಲಿ ರಾಗಿ, ಹುರುಳಿ, ಹತ್ತಿ. ಉಳಿದ ಅರ್ಧ ಎಕರೆಯಲ್ಲಿ ರಸಬಾಳೆ. ಒಂದು ಕಾಲಕ್ಕೆ ಆ ಸೀಮೆಯೆಲ್ಲ ರಸಬಾಳೆಯೇ ಆಗಿತ್ತು. ಹಣ್ಣಿನ ಗಾಡಿ ನಂಜನಗೂಡಿನ ಕಡೆ ಹೊರಟರೆ ದಾರಿಯುದ್ದಕ್ಕೂ ಘಮ ಉಳಿಯುತ್ತಿತ್ತು. ಆಮೇಲೆ ಸೊರಗು ರೋಗ ಬಂತು. ಎಲೆ ಹಳದಿಯಾಗಿ ಜೋತುಬೀಳುವುದು, ದಿಂಡು ಸೀಳಿದರೆ ಒಳಗೆ ಕೆಂಪುಗಂದು ಗೆರೆ. ಅದು ಮಣ್ಣಿನಲ್ಲಿ ಮನೆ ಮಾಡುವ ರೋಗ. ಒಮ್ಮೆ ಹೊಕ್ಕ ಮಣ್ಣನ್ನು ಒಂದು ತಲೆಮಾರಿನ ತನಕ ಬಿಡುವುದಿಲ್ಲ, ಅದಕ್ಕೆ ಔಷಧವೂ ಇಲ್ಲ. ಒಂದೊಂದೇ ತೋಟ ಕಬ್ಬಾಯಿತು, ಅರಿಸಿನವಾಯಿತು, ಪಾಳು ಬಿತ್ತು. ಮಲ್ಲಾಜಮ್ಮನ ಅರ್ಧ ಎಕರೆ ಮಾತ್ರ ಉಳಿಯಿತು.

ಉಳಿದದ್ದು ಸುಮ್ಮನೆ ಅಲ್ಲ. ತೋಟದ ಬದುವಿನಲ್ಲಿ ಒಳಗೆ ಹೋಗಲು ಒಂದೇ ಕಂಡಿ. ಆ ಕಂಡಿಯಲ್ಲಿ ಒಂದು ಕಲ್ಲುಮರಿಗೆ, ಅದರ ತುಂಬ ಸುಣ್ಣದ ನೀರು. ಯಾರೇ ಒಳಗೆ ಬರಲಿ, ಅದರಲ್ಲಿ ಕಾಲು ತೊಳೆಯಬೇಕು. ಗುದ್ದಲಿ, ಮಚ್ಚು, ಬುಟ್ಟಿಯ ತಳ ತೊಳೆಯಬೇಕು. ಬೇರೆಯವರ ಹೊಲದ ಮಣ್ಣು ಒಂದು ಚಿಟಿಕೆಯೂ ಒಳಗೆ ಬರಬಾರದು. ಒಂದು ಸಲ ಮಠದ ಸ್ವಾಮಿಗಳು ತೋಟ ನೋಡಲು ಬಂದಾಗ ಮಲ್ಲಾಜಮ್ಮ ಅಡ್ಡಬಿದ್ದು ನಮಸ್ಕಾರ ಮಾಡಿ, ಎದ್ದು, ಅವರ ಪಾದವನ್ನೂ ಸುಣ್ಣದ ನೀರಿನಲ್ಲಿ ಅದ್ದಿಸಿಯೇ ಒಳಗೆ ಬಿಟ್ಟಳು. ಸ್ವಾಮಿಗಳು ನಕ್ಕು, ಇನ್ನೊಂದು ಪಾದವನ್ನು ತಾವೇ ಅದ್ದಿದರು.

ಈ ಮನೆಗೆ ಪವಿತ್ರ ಬಂದದ್ದು ೧೯೯೧ರಲ್ಲಿ. ತವರು ಬನ್ನೂರಿನ ಹತ್ತಿರದ ನಾಲೆಬಯಲು. ಭತ್ತದ ಗದ್ದೆಯ ನಡುವೆ ಹುಟ್ಟಿ ಬೆಳೆದವಳು. ಮದುವೆಯಾದ ಮರುವರ್ಷ ತವರಿನಿಂದ ತಂಬಿಟ್ಟು ಕಟ್ಟಿಸಿಕೊಂಡು ಬಸ್ಸಿಳಿದವಳು, ಬಿಸಿಲೆಂದು ನೆರೆಯ ಮಾದಯ್ಯನ ತೋಟದೊಳಗಿಂದ ಅಡ್ಡದಾರಿ ಹಿಡಿದಳು. ಬಾಳೆಯ ಸಾಲಿನಲ್ಲಿ ಅತ್ತೆ ಕಾಣಿಸಿದಳು. ತಂಬಿಟ್ಟು ಕೊಡುವ ಆತುರ; ಮರಿಗೆಯ ನೆನಪಾಗಲಿಲ್ಲ. ನಾಲ್ಕು ಹೆಜ್ಜೆ ಒಳಗೆ ನಡೆದಳು, ಅಷ್ಟೇ. ಮಾದಯ್ಯನ ತೋಟಕ್ಕೆ ಆ ವರ್ಷವೇ ರೋಗ ಹೊಕ್ಕಿತ್ತು. ದೀಪಾವಳಿಯ ಹೊತ್ತಿಗೆ ಅವಳು ನಡೆದ ಜಾಡಿನಲ್ಲೇ ಏಳು ಬಾಳೆ ಸೊರಗಿದವು.

ಮಲ್ಲಾಜಮ್ಮ ಬಯ್ಯಲಿಲ್ಲ. ಏಳನ್ನೂ ಕಡಿದು, ಬುಡ ಅಗೆದು, ಸುಟ್ಟು, ಗುಂಡಿಗೆ ಸುಣ್ಣ ತುಂಬಿ, ಸುತ್ತ ಎರಡು ಮಾರು ಜಾಗವನ್ನು ಬರಡು ಬಿಟ್ಟಳು. ಆಮೇಲೆ ಸೊಸೆಯನ್ನು ಕರೆದು, ಇನ್ನು ಮೇಲೆ ನೀನು ಬದುವಿನ ಈಚೆಗೇ ನಿಂತುಕೊಳ್ಳಬೇಕು ಎಂದಳು. ಪವಿತ್ರ ಹದಿನೈದು ವರ್ಷ ಈಚೆಗೇ ನಿಂತಳು. ಬುತ್ತಿ ತಂದು ಮರಿಗೆಯ ಪಕ್ಕ ಇಟ್ಟು ಹಿಂದೆ ಸರಿಯುವಳು. ಅವಳ ಮಗಳು ಅರ್ಪಿತ ಮೂರನೆಯ ವಯಸ್ಸಿಗೇ ಕಾಲು ತೊಳೆದುಕೊಂಡು ಅಜ್ಜಿಯ ಹಿಂದೆ ಸಾಲು ಸಾಲು ತಿರುಗಿದಳು. ಹೆತ್ತವಳು ಬದುವಿನ ಮೇಲಿಂದ ನೋಡಿದಳು. ತವರಿಗೆ ಹೋಗುವಾಗ ಕೈಯಲ್ಲಿ ಆ ತೋಟದ ಹಣ್ಣು ಇರುತ್ತಿರಲಿಲ್ಲ. ಕೇಳುವ ಮುಖ ಅವಳಿಗಿರಲಿಲ್ಲ, ಕೊಡುವ ಮಾತನ್ನು ಅತ್ತೆ ಎತ್ತುತ್ತಿರಲಿಲ್ಲ. ಬನ್ನೂರಿನ ಅಣ್ಣ ಪ್ರತಿ ಸಲವೂ ಹಂಗಿಸುತ್ತಿದ್ದ: "ರಸಬಾಳೆ ಮನೆ ಸೊಸೆ ಬಸ್ ಸ್ಟ್ಯಾಂಡಲ್ಲಿ ಪಚ್ಚಬಾಳೆ ಕೊಂಡ್ಕೊಂಡು ಬತ್ತಾಳೆ, ನೋಡ್ರಪ್ಪ."

೨೦೦೬ರ ದೀಪಾವಳಿ ಕಳೆದ ಮೇಲೆ ಹೊಲಗಳಲ್ಲಿ ಕೆಂಪು ಬಾವುಟದ ಕಡ್ಡಿಗಳು ಎದ್ದವು. ದೂರದ ಸಮುದ್ರತೀರದಿಂದ ನೈಸರ್ಗಿಕ ಅನಿಲವನ್ನು ಕೊಳವೆಯಲ್ಲಿ ತರುತ್ತಾರೆ, ನಂಜನಗೂಡಿನ ಮಗ್ಗುಲಲ್ಲಿ ಒಂದು, ನರಸೀಪುರದ ಆಚೆ ಹೊಳೆಯ ದಂಡೆಯಲ್ಲಿ ಒಂದು, ಹೀಗೆ ಎರಡು ವಿದ್ಯುತ್ ಸ್ಥಾವರಗಳಿಗೆ ಅದನ್ನು ಉಣಿಸಿ ಕರೆಂಟು ತೆಗೆಯುತ್ತಾರೆ ಎಂದು ಸುದ್ದಿ. ಜನ ಅದಕ್ಕೆ ಗ್ಯಾಸ್ ಲೈನು ಎಂದರು. ಮಲ್ಲಾಜಮ್ಮನ ಮಗ ಸೋಮಶೇಖರ್ ತನ್ನ ಟ್ರ್ಯಾಕ್ಟರನ್ನೂ ನೀರಿನ ಟ್ಯಾಂಕರನ್ನೂ ಗುತ್ತಿಗೆದಾರನಿಗೆ ಬಾಡಿಗೆಗೆ ಬಿಟ್ಟ. ಪಹಣಿ ತನ್ನ ಹೆಸರಿನಲ್ಲೇ ಇದ್ದುದರಿಂದ, ಪಂಚಾಯ್ತಿ ಕಚೇರಿಗೆ ಕರೆದಾಗ ಹೋಗಿ ಒಪ್ಪಿಗೆ ಪತ್ರಕ್ಕೆ ಸಹಿಯನ್ನೂ ಹಾಕಿ ಬಂದ. ಮನೆಯಲ್ಲಿ ಹೇಳಿದ್ದು ಮೂರು ದಿನ ಕಳೆದ ಮೇಲೆ, ಊಟಕ್ಕೆ ಕೂತಾಗ.

ಆ ದಿನ ಹುರುಳಿಕಾಳಿನ ಬಸ್ಸಾರು, ರಾಗಿಮುದ್ದೆ. ಅರ್ಪಿತ ಆಗ ಒಂಬತ್ತನೆಯ ತರಗತಿ. ಪತ್ರವನ್ನು ತೊಡೆಯ ಮೇಲಿಟ್ಟುಕೊಂಡು ಓದಿದಳು. ಪೈಪು ಹೋದ ಪಟ್ಟೆಯ ಮೇಲೆ ಬಾವಿ ತೋಡಕೂಡದು, ಮನೆ ಕಟ್ಟಕೂಡದು, ಮರ ನೆಡಕೂಡದು. ಉತ್ತು ಬಿತ್ತಬಹುದು. ಸರ್ವೆ ನಂಬರಿನ ಮುಂದೆ ಬಾಳೆತೋಟದ ಗುರುತಿತ್ತು. ಕೊಳವೆ ಮಾದಯ್ಯನ ಹೊಲದಿಂದ ಬಂದು, ತೋಟದ ಬಡಗಣ ಅಂಚನ್ನು ಸೀಳಿ, ಮೂಡಲಿಗೆ ಹೋಗುತ್ತಿತ್ತು.

"ಇದ ಓದಿ ಸೈನ್ ಆಕಿದ್ರಾ ಅಪ್ಪಾಜಿ?" ಎಂದಳು ಅರ್ಪಿತ.

ಸೋಮಶೇಖರ್ ಮುದ್ದೆ ಮುರಿಯುತ್ತಾ ತಾಯಿಯ ಕಡೆ ತಿರುಗಿದ. "ಜಮೀನು ನಮ್ದೇ ಇರ್ತದೆ ಕಣವ್ವ. ಪೈಪು ಆಳುದ್ದ ಕೆಳಗೆ ಓಯ್ತದೆ. ಎರಡು ಸಾಲು ಬಾಳೆ ಓಗ್ಬೋದು, ಅಷ್ಟೆ."

"ಎರಡು ಸಾಲು ಓಗ್ಲಿ. ಅಗೆಯೋ ಮಿಶಿನ್ನು ಎಲ್ಲಿಂದ ಬತ್ತದೆ?"

"ಮಾದಯ್ಯನ ಒಲದಿಂದ."

ಮಲ್ಲಾಜಮ್ಮ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

"ಕರೆಂಟು ಬೇಡ್ವಾ ನಿಂಗೆ?" ಎಂದ ಮಗ. "ಮೋಟ್ರು ಆನ್ ಮಾಡಿ ಮಾಡಿ ಅದರ ಮುಂದೆ ಕಾಯ್ಕೊಂಡು ಕೂತಿರ್ತೀಯಲ್ಲ ದಿನಾ ರಾತ್ರಿ. ಆ ಗ್ಯಾಸು ಬಂದ್ರೆ ಅಗಲೊತ್ತೇ ನೀರು ಕಟ್ಬೋದು."

"ಕಟ್ಲಾ. ಬಾಳೆ ಓದ್ಮೇಲೆ ಆ ನೀರ ನಿನ್ ತಲೆಗೆ ಕಟ್ಕೊ."

ಅಂದಿನಿಂದ ತಾಯಿ ಮಗನೊಂದಿಗೆ ಮಾತು ಬಿಟ್ಟಳು. ಹೇಳುವುದಿದ್ದರೆ ಮೊಮ್ಮಗಳ ಮುಖಾಂತರ. ಮಗ ಒಂದು ಮೊಳ ದೂರದಲ್ಲಿ ಕೂತಿದ್ದರೂ, ಅರ್ಪಿತ, ನಿಮ್ಮಪ್ಪಂಗೆ ಏಳು, ಮಜ್ಜಿಗೆ ಗಡಿಗೇಲದೆ, ಎನ್ನುವಳು. ಅವನೂ ಸೋಲಲಿಲ್ಲ, ನಿಮ್ಮಜ್ಜಿಗೆ ಏಳು, ಕಂಡೆ, ಎನ್ನುವನು. ನಡುವೆ ಕೂತ ಹುಡುಗಿ ಒಂದು ದಿನ ಬೇಸತ್ತು, ಇಬ್ಬರಿಗೂ ತಲಾ ಒಂದು ಪೋಸ್ಟ್ ಕಾರ್ಡ್ ತಂದುಕೊಡುತ್ತೇನೆ ಎಂದಳು. ಪವಿತ್ರ ಮಾತ್ರ ಎರಡು ಕಡೆಯೂ ಬಡಿಸಿದಳು, ಎರಡು ಕಡೆಯ ಗೊಣಗಾಟವನ್ನೂ ಕೇಳಿದಳು, ಯಾವ ಕಡೆಯೂ ಮಾತು ಸೇರಿಸಲಿಲ್ಲ. ಆ ತೋಟದ ವಿಷಯದಲ್ಲಿ ಬಾಯಿ ತೆರೆಯುವ ಹಕ್ಕನ್ನು ತಾನು ಹದಿನೈದು ವರ್ಷದ ಹಿಂದೆಯೇ ಕಳೆದುಕೊಂಡೆ ಎಂದು ಅವಳು ತಿಳಿದಿದ್ದಳು.

ಯುಗಾದಿ ಕಳೆದ ಮೇಲೆ ಹಿಟಾಚಿ ಮಾದಯ್ಯನ ಹೊಲಕ್ಕೆ ಬಂತು. ಪವಿತ್ರ ಬುತ್ತಿ ತಂದವಳು ಬದುವಿನ ಮೇಲೆ ನಿಂತು ನೋಡಿದಳು. ಅದರ ಎರಡು ಕಬ್ಬಿಣದ ಚೈನುಗಳು ನೆಲವನ್ನು ಅಗಿದು ಅಗಿದು ಮುಂದೆ ಸರಿಯುತ್ತಿದ್ದವು. ಕೊಂಡಿ ಕೊಂಡಿಯ ಸಂದಿಯಲ್ಲೂ ಮುಷ್ಟಿ ಮುಷ್ಟಿ ಕೆಂಪು ಮಣ್ಣು ಮೆತ್ತಿಕೊಂಡು, ಹತ್ತು ಮಾರು ಆಚೆ ಹೋಗಿ ಉದುರುತ್ತಿತ್ತು. ಅವಳು ತನ್ನ ಅಂಗಾಲು ನೋಡಿಕೊಂಡಳು. ಅವಳ ಅಂಗಾಲಿಗೆ ಅಂಟಿದ್ದ ಚೂರು ಮಣ್ಣು ಏಳು ಬಾಳೆಯನ್ನು ತಿಂದಿತ್ತು. ಇದು ಗಾಡಿಗಟ್ಟಲೆ ಮಣ್ಣು ಹೊತ್ತು ಬರುತ್ತಿತ್ತು. ಇನ್ನು ಮೂರು ದಿನಕ್ಕೆ ಬದು ದಾಟುತ್ತದೆ.

ಮನೆಗೆ ಬಂದರೆ ಮಲ್ಲಾಜಮ್ಮ ಕಂಬಳಿ ಕೊಡವುತ್ತಿದ್ದಳು. ತೋಟದ ಅಂಚಿನಲ್ಲಿ ಹಾಸಿಕೊಂಡು ಮಲಗುತ್ತಾಳಂತೆ. ಹಿಟಾಚಿ ಬೇಕಾದರೆ ಮೈಮೇಲೆ ಹರಿಯಲಂತೆ. ಅರ್ಪಿತ, ನಿಮ್ಮಜ್ಜಿಗೆ ಏಳು, ಪೋಲೀಸ್ರು ಬಂದು ಎತ್ಕೊಂಡೋಯ್ತಾರೆ, ಎಂದ ಸೋಮಶೇಖರ್ ಬಾಗಿಲಿನಿಂದ.

ಪವಿತ್ರ ಬುತ್ತಿಯ ಗಂಟನ್ನು ಕೆಳಗಿಟ್ಟಳು. "ಲೈನು ನಿಲ್ಲಲ್ಲ ಅತ್ತೆ. ನೀವು ಮಲಗುದ್ರೂ ಓಯ್ತದೆ. ಪೈಪಿಗೆ ರೋಗ ಇಲ್ಲ. ಚೈನಲ್ಲಿ ಬರೋ ಮಣ್ಣಿಗೆ ಅದೆ. ಅದ್ನ ತಡೀಬೇಕು."

ಮಲ್ಲಾಜಮ್ಮ ಕಂಬಳಿಯನ್ನು ಹಿಡಿದಂತೆಯೇ ಸೊಸೆಯನ್ನು ನೋಡಿದಳು. "ಅದ ನೀನು ಏಳ್ತೀಯ ನಂಗೆ?"

"ನಾನೇ ಏಳ್ಬೇಕು. ಈ ಮನೇಲಿ ಕಾಲಲ್ಲಿ ಮಣ್ಣು ತಂದೋಳು ನಾನೊಬ್ಳೇ ಅಲ್ವಾ."

ಮಲ್ಲಾಜಮ್ಮ ಕಂಬಳಿಯನ್ನು ಮಡಚತೊಡಗಿದಳು. ಈ ಮಾತನ್ನು ಹೇಳುವಾಗ ಗುರುಸಿದ್ದಮ್ಮ ಕಾಳು ಹಿತುಕುವುದನ್ನು ನಿಲ್ಲಿಸಿದರು. ದೇವನೂರಿನಲ್ಲಿ ಹೇಳಿದವರೂ ಇಲ್ಲಿಯೇ ಒಂದು ಗಳಿಗೆ ತಡೆದು ಮುಂದೆ ಹೇಳಿದರು.

ಅರ್ಪಿತ ಅರ್ಜಿ ಬರೆದಳು. ಶಾಲೆಯಲ್ಲಿ ಕಲಿಸಿದಂತೆ ಮಾನ್ಯರೇ ಎಂದು ತೊಡಗಿ, ತಮ್ಮ ಯಂತ್ರದ ಪಾದಗಳನ್ನು ತೊಳೆಸಿ ಒಳಗೆ ಕಳುಹಿಸಬೇಕಾಗಿ ವಿನಂತಿ ಎಂದು ಮುಗಿಸಿದಳು. ಮೇಲಿನ ಕಪ್ಪು ಮಣ್ಣನ್ನು ಬೇರೆ, ಕೆಳಗಿನ ಗರಸು ಮಣ್ಣನ್ನು ಬೇರೆ ಗುಡ್ಡೆ ಹಾಕಿ, ಮುಚ್ಚುವಾಗ ಮೇಲಿನದ್ದು ಮೇಲೇ ಬರಬೇಕೆಂದೂ ಪವಿತ್ರ ಸೇರಿಸಿ ಬರೆಸಿದಳು.

ಲೈನಿನ ಎಂಜಿನಿಯರು ದೀಪಕ್, ಮೈಸೂರಿನ ಹುಡುಗ, ಇನ್ನೂ ಮೂವತ್ತು ತುಂಬಿರಲಿಲ್ಲ. ಮಾದಯ್ಯನ ಹೊಲದಲ್ಲಿ ಹಾಕಿದ್ದ ಅವನ ಮೇಜಿನ ಹತ್ತಿರ ಪವಿತ್ರ ಹೋಗಿ ಕೊಟ್ಟ ಅರ್ಜಿಯನ್ನು ಎರಡು ಸಲ ಓದಿದ. "ಅಮ್ಮ, ಅರವತ್ತು ಕಿಲೋಮೀಟರ್ ಅಗೆದು ಬಂದಿದೀವಿ. ಹಿಟಾಚಿಗೆ ಸ್ನಾನ ಮಾಡ್ಸಿ ಅಂತ ಇದುವರೆಗೂ ಯಾರೂ ಕೇಳಿಲ್ಲ."

"ಆಯುಧಪೂಜೆ ದಿವ್ಸ ತೊಳ್ಯಲ್ವಾ ಸಾ?"

"ಅದು ಪೂಜೆ."

"ಇದೂ ಪೂಜೆ ಅಂದ್ಕೊಳಿ. ನಮ್ಮತ್ತೆ ಮಠದ ಸ್ವಾಮಿಗಳ್ನೇ ತೊಳೆಸಿ ಒಳಕ್ ಬುಟ್ಟವ್ರೆ."

ಪಕ್ಕದಲ್ಲಿ ಊಟ ಮಾಡುತ್ತಿದ್ದ ಹಿಟಾಚಿಯ ಚಾಲಕ ರಂಗನಾಯಕನಿಗೆ ನಗು ತಡೆಯಲಾಗದೆ ಅನ್ನ ನೆತ್ತಿಗೇರಿತು. ಅವನು ನರಸೀಪುರದವನು, ನಲವತ್ತು ದಾಟಿದ ದಪ್ಪ ಆಳು. ಆದರೆ ದೀಪಕ್ ನಗಲಿಲ್ಲ. ತೊಳೆದರೆ ಅರ್ಧ ದಿನ ಹೋಗುತ್ತದೆ, ಕೆಲಸ ಆಗಲೇ ಹಿಂದೆ ಬಿದ್ದಿದೆ, ಅಷ್ಟು ನೀರನ್ನು ಎಲ್ಲಿಂದ ತರುವುದು, ಇರುವುದು ಒಂದು ಟ್ಯಾಂಕರು, ಅದಕ್ಕೂ ಬೇರೆ ಕೆಲಸವಿದೆ ಎಂದು ನಿಧಾನವಾಗಿ ವಿವರಿಸಿದ.

ಆ ಟ್ಯಾಂಕರು ಸೋಮಶೇಖರನದು. ಅವನು ಅದರ ಚಕ್ರಕ್ಕೆ ಒರಗಿ ನಿಂತು, ಅಷ್ಟು ಹೊತ್ತೂ ನೆಲ ನೋಡುತ್ತಿದ್ದ. ಪವಿತ್ರ ಅವನ ಕಡೆ ತಿರುಗಲಿಲ್ಲ, ಕೇಳಲೂ ಇಲ್ಲ. ಅವಳು ಅರ್ಜಿಯನ್ನು ದೀಪಕನ ಮೇಜಿನ ಮೇಲೆ ಇಟ್ಟು, ಹಾರದಂತೆ ಒಂದು ಕಲ್ಲನ್ನು ಹೇರಿದಳು.

"ನೀರು ನಾನ್ ತತ್ತೀನಿ ಸಾ," ಎಂದ ಸೋಮಶೇಖರ್. "ಆ ದಿವ್ಸದ ಬಾಡಿಗೆ ಬರ್ಕೋಬೇಡಿ."

ತೊಳೆದ ದಿನದ ಸಂಗತಿಯನ್ನು ಮೂರು ಊರಿನವರೂ ಬಾಯ್ತುಂಬ ಹೇಳುತ್ತಾರೆ. ಕೊಚ್ಚೆ ತೋಟದ ಕಡೆ ಹರಿಯದಂತೆ ಪವಿತ್ರ ಮಾದಯ್ಯನ ಹೊಲದಲ್ಲೇ, ಇಳಿಜಾರು ನೋಡಿ, ಜಾಗ ಗುರುತು ಮಾಡಿದ್ದಳು. ಟ್ಯಾಂಕರು ಮೂರು ಸಲ ಬಂತು. ಕೆಲಸಗಾರರು ಪೊರಕೆ, ಕಬ್ಬಿಣದ ಸಲಾಕೆ ಹಿಡಿದು ಚೈನಿನ ಸಂದು ಸಂದನ್ನೂ ಕೆದಕಿದರು. ಮಲ್ಲಾಜಮ್ಮ ಸುಣ್ಣದ ಬುಟ್ಟಿಯ ಪಕ್ಕ ಬದುವಿನ ಮೇಲೆ ಕೂತಿದ್ದಳು. ರಂಗನಾಯಕ ಮುಗಿಯಿತು ಎಂದಾಗ ಎದ್ದು ಬಂದು, ಪೊರಕೆಯ ಕಡ್ಡಿಯೊಂದನ್ನು ಎರಡು ಕೊಂಡಿಗಳ ನಡುವೆ ತೂರಿಸಿ ಎಳೆದಳು. ಕಡ್ಡಿಯ ತುದಿಯಲ್ಲಿ ಕಡಲೆಯಷ್ಟು ಕೆಂಪು ಮಣ್ಣು.

"ಇನ್ನೊಂದ್ಸಲ," ಎಂದು ಹೋಗಿ ಕೂತಳು.

ನಾಲ್ಕು ಸಲ ಹಾಗಾಯಿತು. ನಾಲ್ಕನೆಯ ಸಲ ರಂಗನಾಯಕ, "ನನ್ ಮದ್ವೆ ದಿವ್ಸ ನಮ್ಮವ್ವ ನಂಗೂ ಇಷ್ಟು ನೀರು ಉಯ್ದಿರ್ಲಿಲ್ಲ ಕಣಮ್ಮೋ," ಎಂದ.

"ಅದ್ಕೇ ಇಂಗಿದ್ದೀಯ," ಎಂದಳು ಮಲ್ಲಾಜಮ್ಮ.

ಸಂಜೆ ನಾಲ್ಕು ಗಂಟೆಗೆ ಹಿಟಾಚಿ ಮೊಣಕಾಲುದ್ದ ಸುಣ್ಣ ಬಳಿದುಕೊಂಡು, ತೊಟ್ಟಿಕ್ಕುತ್ತಾ ಬದು ದಾಟಿತು. ಅದರಿಂದ ಇಳಿಯಹೊರಟ ರಂಗನಾಯಕನನ್ನು ಮುದುಕಿ ತಡೆದು, ಮರಿಗೆಯ ನೀರನ್ನು ಬಕೆಟ್ಟಿನಲ್ಲಿ ತಂದು ಮುಂದಿಟ್ಟಳು. ಅವನು ಬೂಟು ಬಿಚ್ಚಿದ. ಮರಿಗೆಯ ಹತ್ತಿರ ದೀಪಕನೂ ಬಿಚ್ಚಿದ. ಪವಿತ್ರ ಬದುವಿನ ಈಚೆಗೆ ನಿಂತು ನೋಡಿದಳು. ಅವಳನ್ನು ಯಾರೂ ಒಳಗೆ ಕರೆಯಲಿಲ್ಲ. ಅವಳು ಖಾಲಿ ಬುತ್ತಿ ಎತ್ತಿಕೊಂಡು ಮನೆಗೆ ಹೋಗಿ ಒಲೆ ಹಚ್ಚಿದಳು.

ಎರಡು ಸಾಲು ಬಾಳೆ ಹೋಯಿತು. ಅವುಗಳ ಕಂದುಗಳನ್ನು ಮಲ್ಲಾಜಮ್ಮ ಮುಂಚೆಯೇ ಕಿತ್ತು ತೆಂಕಲ ಅಂಚಿಗೆ ನೆಟ್ಟಿದ್ದಳು. ಕಪ್ಪು ಮಣ್ಣು ಒಂದು ಕಡೆ, ಗರಸು ಇನ್ನೊಂದು ಕಡೆ ಗುಡ್ಡೆಯಾಯಿತು. ಆಳುದ್ದದ ಕಾಲುವೆ ಮಾದಯ್ಯನ ಹೊಲದಿಂದ ತೋಟದ ಅಂಚಿನವರೆಗೆ ಬಾಯಿ ತೆರೆದು ಮಲಗಿತು. ಮೇಲೆ ಮರದ ದಿಮ್ಮಿಗಳ ಮೇಲೆ ಪೈಪುಗಳನ್ನು ಒಂದಕ್ಕೊಂದು ಬೆಸೆಯುವ ಕೆಲಸ ನಡೆಯಿತು. ಇನ್ನು ನಾಲ್ಕು ದಿನಕ್ಕೆ ಇಳಿಸಿ ಮುಚ್ಚುತ್ತೇವೆ ಎಂದ ದೀಪಕ್.

ಮೂರನೆಯ ದಿನ ಭರಣಿ ಮಳೆ ಬಿತ್ತು.

ಮಧ್ಯಾಹ್ನ ಮೂರು ಗಂಟೆ. ಸೋಮಶೇಖರ್ ಡೀಸೆಲ್ಲಿಗೆಂದು ನಂಜನಗೂಡಿಗೆ ಹೋಗಿದ್ದ. ಮಲ್ಲಾಜಮ್ಮ ತೋಟದ ಒಳಗೆ, ಪವಿತ್ರ ಬದುವಿನ ಮೇಲೆ. ಮೊದಲು ನಾಲ್ಕು ದಪ್ಪ ಹನಿ, ಆಮೇಲೆ ಆಕಾಶವೇ ಕಳಚಿದಂತೆ ಸುರಿಯಿತು. ಪವಿತ್ರ ಗೋಣಿಚೀಲ ತಲೆಗೆ ಹಾಕಿಕೊಂಡು ಓಡಬೇಕೆಂದವಳು ಕಾಲುವೆಯ ಕಡೆ ನೋಡಿ ನಿಂತಳು. ಮಾದಯ್ಯನ ಹೊಲ ಎತ್ತರ. ಅದರ ನೀರೆಲ್ಲ ಕಾಲುವೆಗೆ ಇಳಿದು, ಕೆಂಪಗೆ, ನೊರೆ ಕಟ್ಟಿಕೊಂಡು ತೋಟದ ಕಡೆ ಬರುತ್ತಿತ್ತು. ಚೈನಿನಲ್ಲಿ ಬರುವ ಮಣ್ಣನ್ನು ತಡೆದಿದ್ದರು. ನೀರಿನಲ್ಲಿ ಬರುವುದನ್ನು ಯಾರೂ ಯೋಚಿಸಿರಲಿಲ್ಲ. ಕಾಲುವೆ ತುಂಬಿ ಮೇಲೆ ಹರಿದರೆ ಅರ್ಧ ಎಕರೆಯೂ ಮುಗಿದಂತೆ.

ಮಲ್ಲಾಜಮ್ಮನೂ ಕಂಡಳು. ಗುದ್ದಲಿ ಹಿಡಿದು ಗುಡ್ಡೆಯ ಮಣ್ಣನ್ನು ಕಾಲುವೆಗೆ ಎಳೆದಳು. ಬಿದ್ದ ಮಣ್ಣು ಸಕ್ಕರೆಯಂತೆ ಕರಗಿತು.

"ಬರಿ ಮಣ್ಣು ನಿಲ್ಲಲ್ಲ ಅತ್ತೆ," ಎಂದು ಕೂಗಿದಳು ಪವಿತ್ರ. ಗದ್ದೆಬಯಲಿನಲ್ಲಿ ನೀರು ಬಿಡುವ ಮಡೆ ಒಡೆದರೆ ಏನು ಮಾಡುತ್ತಾರೆಂದು ಅವಳ ಕೈಗೆ ಗೊತ್ತಿತ್ತು. ಹುಲ್ಲಿನ ಕಟ್ಟುಗಳನ್ನು ಅಡ್ಡ ಮಲಗಿಸಿ, ಮೇಲೆ ಜೇಡಿಮಣ್ಣು ಹಾಕಿ, ತುಳಿದು, ಮತ್ತೆ ಕಟ್ಟು, ಮತ್ತೆ ಜೇಡಿ. ಹುಲ್ಲಿಗೆ ಬಾಳೆಯ ಒಣ ಸೋಗೆ ಆದೀತು. ಜೇಡಿ ಮಾತ್ರ ತೋಟದ ಒಳಮೂಲೆಯಲ್ಲಿ, ಬಾವಿಯ ಹೂಳು ತೆಗೆದು ಹಾಕಿದ ಗುಡ್ಡೆಯಲ್ಲಿತ್ತು. ಬೇರೆ ಯಾವ ಮಣ್ಣೂ ಆಗದು. ಮಾದಯ್ಯನ ಮಣ್ಣು ಮುಟ್ಟುವಂತಿಲ್ಲ. "ಬಾವಿ ಜೇಡಿ ಬೇಕು. ಸೋಗೆ ಬೇಕು. ನಾನ್ ಕಟ್ತೀನಿ."

"ಅಲ್ಲೇ ನಿಂತ್ಕೊಂಡು ಏಳ್ತಿದ್ದೀಯಲ್ಲ. ಬಾ ಒಳಕ್ಕೆ."

ಪವಿತ್ರ ಕಂಡಿಗೆ ಓಡಿದಳು. ಓಡಿದವಳು ಮರಿಗೆಯ ಮುಂದೆ ನಿಂತು ಸೆರಗು ಸಿಕ್ಕಿಸಿ ಒಂದು ಕಾಲು ಅದ್ದಿದಳು.

"ಇಂಥ ಮಳೇಲಿ ಏನೇ ತೊಳೀತೀಯ, ಬಾರೆ," ಎಂದು ಅರಚಿದಳು ಮಲ್ಲಾಜಮ್ಮ.

"ಬಂದೆ ಅತ್ತೆ. ಇನ್ನೊಂದು ಕಾಲು."

ಎರಡನೆಯದನ್ನೂ ಅದ್ದಿ, ಬೆರಳ ಸಂದುಗಳನ್ನು ಉಜ್ಜಿ, ಅವಳು ಹದಿನೈದು ವರ್ಷದ ಮೇಲೆ ಆ ನೆಲವನ್ನು ಮೆಟ್ಟಿದಳು. ಹಾಗೆ ಮೆಟ್ಟಿದ್ದು ಅವಳಿಗೆ ಆಗ ತಿಳಿಯಲಿಲ್ಲವಂತೆ. ಸೋಗೆ ಎಳೆದು, ಮುರಿದು, ಬಾಳೆನಾರಿನಲ್ಲಿ ಬಿಗಿದು ಎಸೆದಳು. ಅತ್ತೆ ಬುಟ್ಟಿಯಲ್ಲಿ ಜೇಡಿ ಹೊತ್ತು ತಂದಳು. ಬದುವಿನ ನೇರಕ್ಕೆ ಕಾಲುವೆಗೆ ಇಳಿದು ಸೊಸೆ ತುಳಿದಳು. ಟಾರ್ಪಾಲಿನ ಅಡಿಯಲ್ಲಿದ್ದ ರಂಗನಾಯಕನೂ ಇಬ್ಬರು ಬೆಸುಗೆಯವರೂ ಓಡಿಬಂದರು. ಕಂಡಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತು, ಸುರಿವ ಮಳೆಯಲ್ಲಿ, ಯಾರೂ ಹೇಳದೆಯೇ ಕಾಲು ತೊಳೆದುಕೊಂಡು ಒಳಗೆ ಬಂದರು. ಒಡ್ಡು ಮೊಣಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಎದೆಗೆ ಏರಿತು. ಆಚೆ ಕೆಂಪು ನೀರೂ ಏರಿತು. ಕೊನೆಗೆ ಒಂದು ಗೇಣು ಉಳಿದಾಗ ಮಾದಯ್ಯನೇ ಸನಿಕೆ ಹಿಡಿದು ಬಂದು, ತನ್ನ ಹೊಲದ ಬದುವನ್ನು ಹಳ್ಳದ ಕಡೆಗೆ ಕಡಿದು ಬಿಟ್ಟ.

"ನಂದಂತೂ ಓಯ್ತು," ಎಂದ ಅವನು, ಈಚೆಗೆ ಕಾಲಿಡದೆ. "ನಿಮ್ದಾರ ಉಳೀಲಿ."

ನೀರು ಹಳ್ಳಕ್ಕೆ ತಿರುಗಿತು. ಒಡ್ಡಿನ ಈಚೆ, ಕಾಲುವೆಯ ತಳದಲ್ಲಿ ಮಳೆಯ ನೀರು ಮಾತ್ರ ಮೊಣಕಾಲುದ್ದ ನಿಂತಿತ್ತು. ಮಲ್ಲಾಜಮ್ಮ ಬಗ್ಗಿ ಬೊಗಸೆಯಲ್ಲಿ ಎತ್ತಿ ನೋಡಿದಳು. ಕೆಂಪಿರಲಿಲ್ಲ.

ದೀಪಕ್ ಮಾರನೆಯ ದಿನ ಆ ಒಡ್ಡನ್ನು ಸುತ್ತಲೂ ಅಳೆದು ಕಾಗದದಲ್ಲಿ ಬರೆದುಕೊಂಡ. ಅಲ್ಲಿಂದ ನರಸೀಪುರದವರೆಗೆ ಬಾಳೆತೋಟ ಸಿಕ್ಕಿದ ಕಡೆಯೆಲ್ಲ ಬದುವಿನ ನೇರಕ್ಕೆ ಮರಳುಚೀಲದ ಒಡ್ಡು ಹಾಕಿಸಿದ, ಹಿಟಾಚಿಯನ್ನು ತೊಳೆಸಿದ. ಕೆಲಸಗಾರರು ಅದಕ್ಕೆ ಪವಿತ್ರಮ್ಮನ ಕಟ್ಟೆ ಎಂದೇ ಹೆಸರಿಟ್ಟರೆಂದು ಬನ್ನೂರಿನಲ್ಲಿ ಹೇಳುತ್ತಾರೆ. ಗುರುಸಿದ್ದಮ್ಮ ಈ ಮಾತನ್ನು ಹೇಳಲಿಲ್ಲ.

ಪೈಪು ಇಳಿಯಿತು, ಗರಸು ಮುಚ್ಚಿತು, ಮೇಲೆ ಕಪ್ಪು ಮಣ್ಣು ಹರಡಿತು. ಆದರೆ ರೋಗ ಬಂತೋ ಇಲ್ಲವೋ ಆ ದಿನವೇ ತಿಳಿಯುವಂಥದ್ದಲ್ಲ. ತಿಂಗಳುಗಟ್ಟಲೆ ಕಾಯಬೇಕು. ದಿನವೂ ಬೆಳಗ್ಗೆ ಅತ್ತೆ ಸೊಸೆ ಇಬ್ಬರೂ ಬಡಗಣ ಸಾಲಿನ ಎಲೆಗಳನ್ನು ಎಣಿಸಿದಂತೆ ನೋಡುತ್ತಾ ನಡೆದರು. ಮಲ್ಲಾಜಮ್ಮನ ಬಾಯಿ ಮಗನ ವಿಷಯದಲ್ಲಿ ಇನ್ನೂ ತೆರೆದಿರಲಿಲ್ಲ. ಅರ್ಪಿತಳ ಅಂಚೆ ಕೆಲಸ ಮುಂದುವರಿಯಿತು.

ಆಷಾಢದಲ್ಲಿ ಒಂದು ಗಿಡದ ಕೆಳಗಿನ ಎಲೆ ಹಳದಿಯಾಯಿತು.

ಸುದ್ದಿ ತಿಳಿದು ಸೋಮಶೇಖರ್ ಟ್ರ್ಯಾಕ್ಟರನ್ನು ದಾರಿಯಲ್ಲೇ ಬಿಟ್ಟು ಬಂದ. ಮರಿಗೆಯಲ್ಲಿ ಕಾಲು ತೊಳೆದು ಬಂದು, ತಾಯಿಯಿಂದ ಎರಡು ಮಾರು ದೂರ ನಿಂತ. ಮಲ್ಲಾಜಮ್ಮ ಮಚ್ಚನ್ನು ಸುಣ್ಣದ ನೀರಿನಲ್ಲಿ ಅದ್ದಿ, ಗಿಡವನ್ನು ಬುಡದಿಂದ ಒಂದು ಗೇಣು ಮೇಲೆ ಒಂದೇ ಏಟಿಗೆ ಕಡಿದಳು. ಬಿದ್ದ ದಿಂಡನ್ನು ಉದ್ದಕ್ಕೆ ಸೀಳಿದಳು. ಎರಡು ಹೋಳನ್ನೂ ಅಂಗೈಯಿಂದ ಒರೆಸಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. ಪವಿತ್ರಳಿಗೆ ಅತ್ತೆಯ ಬೆನ್ನು ಮಾತ್ರ ಕಾಣುತ್ತಿತ್ತು.

"ಸೋಮ," ಎಂದಳು ಮಲ್ಲಾಜಮ್ಮ, ಏಳು ತಿಂಗಳ ಮೇಲೆ. "ಬಾ ಇಲ್ಲಿ. ನೋಡ್ಲಾ, ಎಷ್ಟು ಬೆಳ್ಳಗದೆ."

ವಯಸ್ಸಾಗಿ ಹಣ್ಣಾದ ಎಲೆ, ರೋಗವಲ್ಲ. ಗಿಡ ಸುಮ್ಮನೆ ಸತ್ತಿತು. ಆ ದಿಂಡನ್ನು ಹೆಚ್ಚಿ, ಹೆಸರುಬೇಳೆ ಹಾಕಿ ಪವಿತ್ರ ಪಲ್ಯ ಮಾಡಿದಳು. ತಾಯಿ ಮಗ ಪಕ್ಕದಲ್ಲಿ ಕೂತು ಉಂಡರು. ಉಪ್ಪು ಕಡಿಮೆಯಾಯಿತೆಂದು ಇಬ್ಬರೂ ಒಟ್ಟಿಗೇ ಹೇಳಿದರು. ಅರ್ಪಿತ, ಇನ್ನು ನನಗೆ ಪೋಸ್ಟ್‌ಮ್ಯಾನ್ ಪಿಂಚಣಿ ಕೊಡಬೇಕು ಎಂದಳು.

ಮರುವರ್ಷ, ೨೦೦೮ರ ಬೇಸಿಗೆಗೆ, ಲೈನಿನಲ್ಲಿ ಗ್ಯಾಸು ಹರಿಯಿತು. ಹೊಳೆದಂಡೆಯ ಸ್ಥಾವರ ತಿರುಗತೊಡಗಿದ ದಿನ ಸೋಮಶೇಖರ್ ಬೆಳಗ್ಗೆಯಿಂದ ಪಂಪ್ ಮನೆಯಲ್ಲಿ ಕಾದು ಕೂತ. ಆ ದಿನ ಕರೆಂಟು ಇನ್ನೂ ಎರಡು ಗಂಟೆ ಹೆಚ್ಚಾಗಿ ಹೋಯಿತು, ತಾಯಿಯಿಂದ ಚೆನ್ನಾಗಿ ಅನ್ನಿಸಿಕೊಂಡ. ಮೂರು ವಾರ ಕಳೆದ ಮೇಲೆ ಒಂದು ದಿನ ಮೋಟರು ಬೆಳಗ್ಗೆ ಎಂಟಕ್ಕೆ ಶುರುವಾದದ್ದು ಮಧ್ಯಾಹ್ನ ಎರಡರವರೆಗೂ ನಿಲ್ಲಲಿಲ್ಲ. ಮಲ್ಲಾಜಮ್ಮ ಸಾಲುಗಳಲ್ಲಿ ನೀರು ತಿರುಗಿಸುತ್ತಾ, ಕೊಳವೆ ಹೋದ ಪಟ್ಟೆಯ ಮೇಲೆ ನಿಂತು, ಅಂಗಾಲಿನಿಂದ ಎರಡು ಸಲ ನೆಲ ತಟ್ಟಿದಳು. ಒಳ್ಳೇ ಎತ್ತು ಕಣ್ಲಾ ಇದು, ಕಾಣಿಸ್ದಂಗೆ ಗೇಯ್ತದೆ, ಎಂದಳಂತೆ.

ಆಷಾಢದ ಕೊನೆಗೆ ಬಡಗಣ ಸಾಲಿನ ಮೊದಲ ಗೊನೆ ಬಲಿಯಿತು. ಮಲ್ಲಾಜಮ್ಮ ಮಚ್ಚು ಹಿಡಿದು ಗಿಡದವರೆಗೆ ಹೋದಳು. ಅಲ್ಲಿ ನಿಂತು, ಮಚ್ಚನ್ನು ತಿರುಗಿಸಿ ಹಿಡಿ ಮುಂದೆ ಮಾಡಿ, ಸೊಸೆಗೆ ಚಾಚಿದಳು.

"ಇಳಿಸು. ಒಳಗಡೆ ಬಟ್ಟೆ ಸುತ್ತಿ ಅಡೆ ಆಕು, ಆರು ದಿನಕ್ಕೆ ಹಣ್ಣಾಯ್ತದೆ. ನಿಮ್ಮೂರಿಗೆ ಯಾವಾಗ ಓಯ್ತೀಯ?"

"ನಾಗರಪಂಚಮಿಗೆ ಅಂದ್ಕೊಂಡಿದ್ದೆ."

"ನಾಕು ಚಿಪ್ಪು ತಕ್ಕೊಂಡೋಗು. ನಿಮ್ಮಣ್ಣನ ಬಾಯಿ ಮುಚ್ಚಿಸ್ಬೇಕು, ಎರಡು ಚಿಪ್ಪು ಸಾಕಾಗಲ್ಲ."

ಅತ್ತೆಗೆ ಆ ಹಂಗಿನ ಮಾತು ಇಷ್ಟು ವರ್ಷವೂ ಗೊತ್ತಿತ್ತೆಂದು ಪವಿತ್ರಳಿಗೆ ತಿಳಿದದ್ದು ಆಗಲೇ. ಅವಳು ಮಚ್ಚು ಬೀಸಿದಳು. ಗೊನೆ ಭುಜಕ್ಕೆ ಇಳಿಯಿತು. ಪಂಚಮಿಯ ದಿನ ನರಸೀಪುರದ ಮೇಲೆ ಬನ್ನೂರಿಗೆ ಹೋಗುವ ಬಸ್ಸಿನಲ್ಲಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಪಕ್ಕ ಕೂತಳು. ಎರಡು ನಿಲ್ದಾಣ ದಾಟುವಷ್ಟರಲ್ಲಿ ಬಸ್ಸೆಲ್ಲ ಘಮ್ಮೆಂದಿತು. ಹಿಂದಿನ ಸೀಟಿನ ಮುದುಕರೊಬ್ಬರು ಎದ್ದು ಬಂದು, ಇದು ನಿಜವಾಗಿ ಅದೇನಾ ತಾಯಿ, ಎಂದು ಕೇಳಿದರು. ಅದೇ, ನಮ್ಮ ತೋಟದ್ದು, ಎಂದಳು ಪವಿತ್ರ. ಆ ಎರಡು ಮಾತನ್ನು ಅವಳು ಆ ದಾರಿಯಲ್ಲಿ ಒಂಬತ್ತು ಸಲ ಹೇಳಬೇಕಾಯಿತು. ಅಣ್ಣ ನಾಲ್ಕು ಹಣ್ಣು ತಿಂದು, ಐದನೆಯದಕ್ಕೆ ಕೈ ಹಾಕುವವರೆಗೂ ಏನೂ ಮಾತಾಡಲಿಲ್ಲ. ಮರಳಿ ಬಂದವಳು ಮನೆಗೂ ಹೋಗದೆ ತೋಟದ ಕಡೆ ತಿರುಗಿ, ಬಳಸುದಾರಿಯಿಂದ ಕಂಡಿಗೆ ಬಂದು, ಮರಿಗೆಯಲ್ಲಿ ಎರಡು ಕಾಲನ್ನೂ ತೊಳೆದು ಒಳಗೆ ಹೋದಳು.

ಇಲ್ಲಿಗೆ ಗುರುಸಿದ್ದಮ್ಮ ಮೊರವನ್ನು ಒಮ್ಮೆ ಕೇರಿ, ನೀವು ಹಿತುಕುತ್ತಿರುವ ಅವರೆ ಆ ಕೊಳವೆ ಹೋದ ಪಟ್ಟೆಯ ಮೇಲೆ ಬೆಳೆದದ್ದು, ಮೊನ್ನೆ ಪವಿತ್ರ ತಂದು ಕೊಟ್ಟು ಹೋದಳು ಎಂದರು. ಕೈಗಳು ಒಂದು ಗಳಿಗೆ ನಿಂತವು. ಒಬ್ಬಾಕೆ ಕಾಳನ್ನು ಮೂಗಿನ ಹತ್ತಿರ ಹಿಡಿದು, ಇದರಲ್ಲಿ ಗ್ಯಾಸ್ ವಾಸನೆ ಬರಲ್ವಾ ಎಂದಳು.

"ಬತ್ತದೆ ಕಣೆ. ಒಲೆ ಅತ್ತಿಸ್ದೆ ಇದ್ರೂ ಬೇಯ್ತದೆ, ಮನೇಗೋಗಿ ನೋಡು," ಎಂದರು ಗುರುಸಿದ್ದಮ್ಮ.

ನಗು ಅಡಗುವ ಹೊತ್ತಿಗೆ ಬಿಸಿಲು ಜಗಲಿಯಿಂದ ಇಳಿದಿತ್ತು. ಆರು ಮಂದಿಯೂ ಹಿತುಕಿದ ಕಾಳನ್ನು ಪಾಲು ಮಾಡಿಕೊಂಡು, ಮಡಿಲ ಸಿಪ್ಪೆಯನ್ನು ಎಮ್ಮೆಯ ಬಾನಿಗೆ ಕೊಡವಿ, ಸೆರಗಿನಲ್ಲಿ ಗಂಟು ಕಟ್ಟಿಕೊಂಡು, ಸಂಜೆಯ ಸಾರಿಗೆ ಮಸಾಲೆ ಅರೆಯಬೇಕೆಂದು ಎದ್ದು, ಅವರವರ ಮನೆಗೆ ಹೋದರು.